ಊರೋರು ಹಾಕಲ್ಲ
ನೆಲದ ಮೇಲೆಲ್ಲ ಬೂಟಿನ ಹಿಮ ಕರಗಿದ ನೀರು, ಈ ಶಾಲೆಯ ಜಿಮ್ಮಿನಲ್ಲಿ ನಾನು ಆರು ವರ್ಷ ಜಾರಿ ಬಿದ್ದಿದ್ದೇನೆ, ಇವತ್ತು ಬೀಳುವುದಿಲ್ಲ, ಹದಿಮೂರು, ಹದಿನಾಲ್ಕು, ನನ್ನನ್ನೂ ಸೇರಿಸಿ ಹದಿನೈದು, ಇನ್ನೊಬ್ಬರು ಬೇಕು, ಹದಿನಾರು ಜನ ನಿಲ್ಲದಿದ್ದರೆ ಎಲೆನ್ ರೂಕ್ ಮೂಲೆಯೇ ರದ್ದು, ನಾವೆಲ್ಲ ಬೇರೆ ಅಭ್ಯರ್ಥಿಯ ಮೂಲೆಗೆ ಹೋಗಬೇಕು, ಪಕ್ಷದ ಅಭ್ಯರ್ಥಿಯನ್ನು ಆರಿಸುವಾಗ ನಮ್ಮ ಅಯೋವಾದಲ್ಲಿ ಚೀಟಿಯೂ ಇಲ್ಲ ಪೆಟ್ಟಿಗೆಯೂ ಇಲ್ಲ, ಯಾರು ಬೇಕೋ ಅವರ ಮೂಲೆಯಲ್ಲಿ ಊರೆದುರು ನಿಲ್ಲುವುದು, ಎದುರು ಮೂಲೆಯಲ್ಲಿ ಗವರ್ನರ್ ಹಾಲಿಸ್ ಕಡೆ ಅರವತ್ತೊಂದು ಜನ, ಅವರೊಳಗೆ ನನ್ನ ಅಮ್ಮ — ಹೆರಿಗೆ ವಾರ್ಡ್ ಮುಚ್ಚಿದಾಗ ಕೆಲಸ ಹೋದ ನರ್ಸ್ ಅಮ್ಮ, ಮತ್ತೆ ತೆರೆಸ್ತೀರಾ ಅಂತ ಅವಳು ಕೇಳಿದಾಗ ಹಾಲಿಸ್ ಖಂಡಿತ ಅಂದು ಕೈ ಕುಲುಕಿ ಹೋದ, ರೂಕ್ ಮಾತ್ರ, ನಂಗೆ ಗೊತ್ತಿಲ್ಲ, ತಿಳ್ಕೊಂಡು ಹೇಳ್ತೀನಿ ಅಂದಳು, ಭಾನುವಾರ ಫೋನ್ ಮಾಡಿಯೇಬಿಟ್ಟಳು, ಅಮ್ಮ ಇಪ್ಪತ್ತು ನಿಮಿಷ ಅಡುಗೆಮನೆಯಲ್ಲಿ ನಿಂತೇ ಮಾತಾಡಿದಳು, ಒಲೆ ಮೇಲಿದ್ದ ಮಾಂಸದ ಚಿಲಿ ಸೀದುಹೋಯಿತು, ಆಮೇಲೂ ಹಾಲಿಸ್ ಮೂಲೆಗೆ ಹೋಗಿ ನಿಂತಿದ್ದಾಳೆ.

ಇನ್ನು ಐದೇ ನಿಮಿಷ ಅಂತ ಸಭೆಯ ಅಧ್ಯಕ್ಷರು ಕೂಗುತ್ತಾರೆ, ಎದುರು ಮೂಲೆಯಿಂದ ಕೋಚ್ ಡರ್ಕ್ಸ್ ನನ್ನನ್ನು ಒಲಿಸಲು ಬರುತ್ತಾರೆ, ಏನಮ್ಮ ಮರಿಟ್, ಸೋತೋಗೋ ಟೀಮಲ್ಲೇ ಇರ್ತೀನಿ ಅಂತ ಹರಕೆನಾ, ಬಾ ಈ ಕಡೆ, ಸಿನಮನ್ ರೋಲ್ ಇದೆ, ಹಾಲಿಸ್ ಅಂದ್ರೆ ಅಷ್ಟೊಂದು ಇಷ್ಟಾನಾ ಸಾರ್, ಇಷ್ಟ ಅಂತ ಏನಿಲ್ಲ ಕಣಮ್ಮ, ನಂಗೂ ರೂಕೇ, ಆದ್ರೆ ಊರೋರು ಅವಳಿಗೆ ವೋಟು ಹಾಕಲ್ವಲ್ಲ, ಪೋಸ್ಟಾಫೀಸಿನ ವರ್ನೀಟಾ ಕೂಡ ಈಗಷ್ಟೇ ಇದೇ ಮಾತು ಹೇಳಿದ್ದು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ, ಕೋಚ್ ತೋಳು ಹಿಡಿದು ಅಮ್ಮನ ಹತ್ತಿರ ಎಳೆದುಕೊಂಡೇ ಹೋಗುತ್ತೇನೆ, ನಗು ಬರುತ್ತಿದೆ, ನಗಬಾರದು, ಅಮ್ಮ, ನಿಂಗ್ಯಾರು ಬೇಕು, ನಂಗೇನೋ ಅವಳೇ ಕಣೇ, ಊರೋರು ಹಾಕಲ್ಲ, ಊರೋರು ಅಂದ್ರೆ ಯಾರಮ್ಮ, ಇನ್ಯಾರು, ಈ ಕೋಚು, ಆ ವರ್ನೀಟಾ, ಅವರನ್ನ ಕೇಳಿದ್ಯಾ, ಕೇಳೋದೇನು, ಇಲ್ಲೇ ನಿಂತಿದಾರಲ್ಲ, ಸಾರ್, ಜೋರಾಗಿ ಹೇಳಿ, ಯಾರು ಬೇಕು ನಿಮಗೆ, ಕೋಚ್ ಕಿವಿ ಕೆಂಪಾಗಿ, ರೂಕ್, ಅಂತಾರೆ ಮೆಲ್ಲಗೆ, ಅಮ್ಮ ತಿರುಗಿ ನೋಡುತ್ತಾಳೆ, ನೀನಿಲ್ಲಿ ನಿಂತಿದೀಯ ಅಂತಲೇ ಅಲ್ವೇನೋ ನಾನು ಬಂದಿದ್ದು, ಕೋಚ್ ಕೂಡ, ಅಯ್ಯೋ ಕಾರ್ಲಾ, ನಾನು ನಿನ್ನ ನೋಡಿ ಬಂದೆ, ಒಂದು ನಿಮಿಷ ಅಂತ ಅಧ್ಯಕ್ಷರು, ನಾನಿನ್ನು ಬೇಡಿಕೊಳ್ಳುವುದಿಲ್ಲ, ನನ್ನ ಮೂಲೆಗೆ ವಾಪಸ್ ಬಂದು ನಿಲ್ಲುತ್ತೇನೆ, ಹದಿನೈದಾದರೂ ಇಲ್ಲೇ, ರದ್ದಾದರೂ ಇಲ್ಲೇ, ಮುಖ ನೋಡುವುದಿಲ್ಲ, ಕಾಲು ಮಾತ್ರ, ಅಮ್ಮನ ಬಿಳಿ ನರ್ಸ್ ಶೂ, ಆಟದ ಅಂಕಣದ ನಡುವಿನ ಕೆಂಪು ಗೆರೆ, ದಾಟಿದರೆ ನಮ್ಮ ಕಡೆ, ಶೂ ಕದಲಲಿಲ್ಲ, ಕದಲಿತಾ, ಬಿಳಿ ಶೂ, ಹಿಮ್ಮಡಿ ಎದ್ದಿದೆ, ಗೆರೆ, ಬಿಳಿ ಶೂ, ಗೆರೆಯ ಮೇಲೆ ಬಿಳಿ ಶೂ