ಜೋರು ಓಡಿದ ಟೇಪು

ಚೌಧರಿಯ ಷೆಡ್ಡಿನಲ್ಲಿದ್ದ ಲಾರಿಗಳಲ್ಲಿ ಒಂದೂ ರಸ್ತೆಗಿಳಿಯುವಂತಿರಲಿಲ್ಲ. ದಿಲ್ಲಿ ಸುತ್ತಮುತ್ತಲ ಕಾನೂನು ಹಾಗೆ, ಹಳೇ ಡೀಸೆಲ್ ಗಾಡಿ ಕಣ್ಣಿಗೆ ಬಿದ್ದರೆ ನೇರ ಗುಜರಿಗೆ. ಅದಕ್ಕೇ ಅವನು ಅವುಗಳಿಗೆ ಬಣ್ಣ ಬಳಿಸಿ ಗ್ರೇಟರ್ ನೋಯ್ಡಾದ ತನ್ನ ಜಮೀನಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದ. ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬರುತ್ತಿದ್ದವು. ಆ ಕಾಲದ ಲಾರಿಯಲ್ಲಿ ಆ ಕಾಲದ ಟೇಪೇ ಹಾಡಬೇಕೆನ್ನುವುದು ಚೌಧರಿಯ ಹಟ. ಆ ಟೇಪುಗಳನ್ನು ಕೂರಿಸಿಕೊಡುತ್ತಿದ್ದವನು ಹಾಸನದ ಚಂದ್ರಕಾಂತ. ಸೈನ್ಯದ ಗಾಡಿಗಳಿಗೆ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು, ಈಗ ನೋಯ್ಡಾದಲ್ಲಿ ಮಗಳು ಹಂಸಿನಿಯ ಮನೆಯಲ್ಲಿದ್ದ.

ಈ ಸಲ ಬಂದದ್ದು ಸೈನ್ಯದ ಶಕ್ತಿಮಾನ್ ಲಾರಿ. ಅದನ್ನು ಕಂಡದ್ದೇ ಚಂದ್ರಕಾಂತ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತುಬಿಟ್ಟ. ಲಡಾಖಿನಲ್ಲಿದ್ದಾಗ ಇಂಥದ್ದೇ ಲಾರಿಯಲ್ಲಿ ಕೂತು ಅವನು ಹೆಂಡತಿ ಮನೋರಮಾ ಕಳಿಸಿದ ಕ್ಯಾಸೆಟ್ ಕೇಳಿದ್ದ. ಆ ಲಾರಿಯ ಡ್ರೈವರ್ ಕದ್ದುಮುಚ್ಚಿ ಹಾಕಿಸಿಕೊಂಡಿದ್ದ ಟೇಪೋ, ದೇವರಿಗೇ ಪ್ರೀತಿ! ಮೋಟಾರು ಜೋರು ಓಡಿ, ಮೀಸೆ ಹೊತ್ತ ಗಾಯಕರೆಲ್ಲ ಎಳೆ ಮಕ್ಕಳ ದನಿಯಲ್ಲಿ ಹಾಡುತ್ತಿದ್ದರು. ಸರಿಮಾಡಿಕೊಡಲೇ ಎಂದು ಚಂದ್ರಕಾಂತ ಕೇಳಿದರೆ ಡ್ರೈವರ್ ಬೇಡವೆನ್ನುತ್ತಿದ್ದ, ಹಾಡು ಓಡಿದರೆ ನಿದ್ದೆ ಬರುವುದಿಲ್ಲವಂತೆ.

ಚಂದ್ರಕಾಂತ ಮದುವೆಯಾದ ತಿಂಗಳಿಗೇ ಲಡಾಖಿಗೆ ಬಂದಿದ್ದ, ಹೆಂಡತಿಯ ದನಿ ಇನ್ನೂ ಕಿವಿಯಲ್ಲಿ ಕೂತಿರಲಿಲ್ಲ. ಆ ವರ್ಷ ಅವರ ಚೊಚ್ಚಲ ಗಂಡುಮಗು ಹುಟ್ಟಿದ ವಾರದೊಳಗೇ ತೀರಿಕೊಂಡಿತ್ತು. ರಜೆ ಮಂಜೂರಾಗಿ ಟ್ರಂಕು ಕಟ್ಟಿ ಕೂತವನ ಕೈಗೆ ಆ ಕ್ಯಾಸೆಟ್ ಬಂತು. ತಾನು ಆರಾಮಾಗಿದ್ದೇನೆ, ಇಷ್ಟಕ್ಕೆಲ್ಲ ಅಷ್ಟು ದೂರದಿಂದ ಬರುವುದು ಬೇಡ ಎಂದಿದ್ದಳು ಮನೋರಮಾ. ಪಟಪಟ ಮಾತು, ನಡುನಡುವೆ ಸಣ್ಣ ನಗು. ಇವಳು ಗಟ್ಟಿಗಿತ್ತಿ ಎಂದು ಹೆಮ್ಮೆಪಟ್ಟು ಅವನು ರಜೆಯನ್ನು ಮುಂದಕ್ಕೆ ಹಾಕಿದ. ಆಮೇಲೆ ಊರಿಗೆ ಹೋದಾಗ ಕಂಡವಳು ಮೆಲುದನಿಯ, ಎರಡು ಮಾತಿಗೆ ಒಂದು ಮಾತಾಡುವ ಹೆಂಗಸು. ಆ ಕ್ಯಾಸೆಟ್ ಹಾಕೋಣವೇ ಎಂದರೆ ಸಾಕು, ಕಿತ್ತುಕೊಂಡು ಬೀರುವಿಗೆ ಸೇರಿಸುತ್ತಿದ್ದಳು. ನಾಚಿಕೆ ಎಂದುಕೊಂಡ, ಪುಣ್ಯಾತ್ಮ.

ಮನೋರಮಾ ತೀರಿಹೋಗಿ ಎರಡು ವರ್ಷವಾಗಿತ್ತು. ಬೀರುವಿನ ಸೀರೆಗಳ ಮಡಿಕೆಯಲ್ಲಿ ಸಿಕ್ಕಿದ ಕ್ಯಾಸೆಟ್ಟನ್ನು ಹಾಳಾದೀತೆಂದು ಅವನು ಯಾವ ಡಬ್ಬಾ ಟೇಪಿಗೂ ಹಾಕಿರಲಿಲ್ಲ. ಅಮ್ಮ ಯಾಕೆ ಅಷ್ಟು ಮೌನವಾಗಿರುತ್ತಿದ್ದಳು ಎಂದು ಹಂಸಿನಿ ಕೇಳಿದಾಗಲೆಲ್ಲ, ಮೊದಲು ಹಾಗಿರಲಿಲ್ಲ ಕಣಮ್ಮ, ಒಂದು ದಿನ ಕೇಳಿಸ್ತೀನಿ ಇರು ಎನ್ನುತ್ತಿದ್ದ. ನಗುತ್ತಿದ್ದ ಆ ಮನೋರಮಾಳನ್ನು ಮಗಳಿಗೆ ಒಮ್ಮೆ ತೋರಿಸಿಬಿಟ್ಟರೆ ಅವನಿಗೆ ಅಷ್ಟೇ ಸಾಕಿತ್ತು.

ಭಾನುವಾರ ಮಗಳನ್ನೂ ಷೆಡ್ಡಿಗೆ ಕರೆತಂದ. ಲಾರಿಯದು ಇಪ್ಪತ್ನಾಲ್ಕು ವೋಲ್ಟ್, ಟೇಪಿನದು ಹನ್ನೆರಡು, ನೇರ ಕೊಟ್ಟರೆ ಸುಟ್ಟು ಕರಕಲು. ನಡುವೆ ವೋಲ್ಟೇಜ್ ಇಳಿಸುವ ಡಬ್ಬಿ ಕೂರಿಸಿ, ಚೌಧರಿಯ ಹಾಡಿನ ಕ್ಯಾಸೆಟ್ ಹಾಕಿ ವೇಗ ಸರಿಮಾಡಿಯಾಗಿತ್ತು. ಆಮೇಲೆ ಜೇಬಿನಿಂದ ತನ್ನದನ್ನು ತೆಗೆದು ಹಾಕಿದ.

ದನಿಯೇನೋ ಬಂತು, ಆದರೆ ಭಾರವಾಗಿ, ನಿಧಾನವಾಗಿ. ಮೂರು ಮಾತು ಬರುವಷ್ಟರಲ್ಲಿ ಚಂದ್ರಕಾಂತ ಆಫ್ ಮಾಡಿದ. ಕ್ಯಾಸೆಟ್ ಹಳೆಯದು, ಎಳೆಯುತ್ತಿದೆ ಎಂದು ಗೊಣಗಿ, ಮೋಟಾರಿನ ಹಿಂದಿನ ವೇಗದ ಸ್ಕ್ರೂ ತಿರುಗಿಸಿ ಮತ್ತೆ ಮೊದಲಿಂದ ಹಚ್ಚಿದ. ಆಗ ಬಂದಳು ನೋಡಿ ಅವನ ಮನೋರಮಾ, ಅದೇ ಪಟಪಟ, ಅದೇ ನಗು! ಮುದುಕನ ಮುಖ ಅರಳಿತು.

ಹಂಸಿನಿ ಹುಬ್ಬು ಗಂಟಿಕ್ಕಿದಳು. "ಯೇ ಅಮ್ಮ ನಹೀ ಹೈ, ಅಪ್ಪ. ಇದು ಅಮ್ಮನ ದನಿಯೇ ಅಲ್ಲ, ಕಾರ್ಟೂನ್ ಥರ ಇದೆ."

ಅವನಿಗೆ ರೇಗಿತು. ನಿನಗೇನು ಗೊತ್ತು, ನೀನಿನ್ನೂ ಹುಟ್ಟಿರಲಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ, ಮನೋರಮಾಳ ಮಾತಿನ ಹಿಂದೆ ಯಾರ ಮನೆಯದೋ ರೇಡಿಯೊ ಕೇಳಿಸಿತು. ವಾರ್ತೆಗೆ ಮುಂಚೆ ಬರುವ ಪೀಪ್ ಪೀಪ್. ಸೆಕೆಂಡಿಗೊಂದು ಬರಬೇಕು. ಇಲ್ಲಿ ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಮತ್ತೊಮ್ಮೆ ಹಾಕಿ ಕೈಗಡಿಯಾರ ನೋಡಿದ. ಗಡಿಯಾರ ಹಿಂದೆ ಬಿತ್ತು.

ಚಂದ್ರಕಾಂತನಿಗೆ ಲಡಾಖಿನ ಆ ಟೇಪು ನೆನಪಾಯಿತು. ಎಲ್ಲರ ದನಿಯೂ ಅದರಲ್ಲಿ ಓಡುತ್ತದೆಂದು ಗೊತ್ತಿತ್ತು, ಅದಕ್ಕೆ ನಕ್ಕವನೂ ಅವನೇ. ಹೆಂಡತಿಯ ದನಿಯೂ ಅದೇ ಟೇಪಿನಲ್ಲಿ ಓಡಿತ್ತೆಂದು ಇಷ್ಟು ವರ್ಷ ಹೊಳೆಯಲಿಲ್ಲವಲ್ಲ. ದೀಪದ ಬುಡದಲ್ಲೇ ಕತ್ತಲು. ಸ್ಕ್ರೂವನ್ನು ಹಿಂದಕ್ಕೆ ತಿರುಗಿಸುತ್ತ, ಪೀಪ್ ಸೆಕೆಂಡಿಗೊಂದು ಬಂದಲ್ಲಿಗೆ ನಿಲ್ಲಿಸಿದ. ಕ್ಯಾಸೆಟ್ಟನ್ನು ಮೊದಲಿಗೆ ಸುತ್ತಿ ಹಚ್ಚಿದ.

"ನಾನು ಆರಾಮಾಗಿದ್ದೀನಿ ರೀ." ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದಳು. ಅವನು ನಗು ಎಂದುಕೊಂಡಿದ್ದ ಕಡೆಯಲ್ಲೆಲ್ಲ ಬಿಕ್ಕು. ಬಾಯಿಗೆ ಸೆರಗು ಒತ್ತಿಕೊಂಡು ತಡೆದರೂ ನಿಲ್ಲದ ಬಿಕ್ಕು. ಅಯ್ಯೋ, ಮಗು ಕಳೆದುಕೊಂಡವಳು ನಗುತ್ತಾಳೆಯೇ? ಕೆಟ್ಟ ಮೋಟಾರು ಹೇಳಿದ್ದನ್ನು ಅವನು ನಂಬಿದ್ದ.

ಹಂಸಿನಿ ಅವನ ತೋಳು ಹಿಡಿದುಕೊಂಡಳು. ಕಣ್ಣಲ್ಲಿ ನೀರಿದ್ದರೂ ಮುಖದಲ್ಲಿ ಕಳೆದದ್ದು ಸಿಕ್ಕ ಸಂತೋಷ. "ಅಪ್ಪ, ಇದೇ ಅಮ್ಮ. ಬಿಲ್ಕುಲ್ ಇದೇ ದನಿ."

"ನಾನು ಇದನ್ನ ಇವತ್ತೇ ಕೇಳ್ತಿರೋದು ಕಣಮ್ಮ" ಎಂದ ಚಂದ್ರಕಾಂತ.

ಕ್ಯಾಸೆಟ್ ಕೊನೆಗೆ ಬಂದಿತ್ತು. "ಅದಕ್ಕೇ ಬರಬೇಡಿ. ಆಯ್ತಾ?" ಎಂದು ಮನೋರಮಾ ಸುಮ್ಮನಾದಳು. ಆದರೆ ರೆಕಾರ್ಡರ್ ಆರಿಸಿರಲಿಲ್ಲ. ಎದುರಿಗೆ ಯಾರೋ ಕೂತಿದ್ದಾರೆ, ಆಯ್ತು ಎನ್ನದೆ ಬೇರೆ ಏನಾದರೂ ಹೇಳಿಯಾರು ಎಂಬಂತೆ ಕಾಯುತ್ತಿದ್ದಳು, ಅವಳ ಉಸಿರು ಕೇಳುತ್ತಿತ್ತು. ಅವತ್ತು ಲಡಾಖಿನಲ್ಲಿ, ಡ್ರೈವರನ ಎದುರಿಗೇ, ಚಂದ್ರಕಾಂತ ನಗುತ್ತ "ಆಯ್ತು ಕಣೇ" ಎಂದಿದ್ದ.

"ಹೊರಟೆ ಕಣೇ" ಎಂದ ಈಗ, ಟೇಪಿಗೆ ಬಾಯಿ ಹಚ್ಚಿ. "ಇವತ್ತೇ ಹೊರಟೆ."

ಅಷ್ಟರಲ್ಲಿ ಕ್ಯಾಸೆಟ್ ಮುಗಿದು ಟಕ್ಕೆಂದು ನಿಂತಿತು.