ಮರಕ್ಕೆ ಸುತ್ತಿದ ಅಂಗಿ

"ಹರೀರೇ, ಲೌಡೀರಾ! ಕೈಗೇನು ಲಕ್ವ ಹೊಡ್ದದಾ? ಮರದ ಗಾಯ ನಿಮ್ಮಪ್ಪನ ಮನೆ ಹಬ್ಬ ಮುಗೀಲಿ ಅಂತ ಕಾಯ್ಕಂಡು ಕುಂತಿರ್ತದಾ?"

ಮೇಸ್ತ್ರಿ ಆರ್ಸೆನಿಯೊ ಕೊಟ್ಟಿಗೆಯ ಬಾಗಿಲಿಗೆ ಒರಗಿ ಜೋಳದ ರೊಟ್ಟಿ ಅಗಿಯುತ್ತಲೇ ಬೈಯುತ್ತಿದ್ದ. ಬಾಯಿತುಂಬ ರೊಟ್ಟಿಯಿದ್ದರೂ ಅವನ ನಾಲಿಗೆಗೆ ಬಿಡುವಿರಲಿಲ್ಲ. ಒಳಗೆ ಹನ್ನೊಂದು ಹೆಂಗಸರು ನೆಲದ ಮೇಲೆ ಕೂತು ಹಳೇ ಬಟ್ಟೆ ಹರಿಯುತ್ತಿದ್ದರು. ಬಾಲ್ಸಮ್ ಮರದ ತೊಗಟೆ ಕೆತ್ತಿ, ಪಂಜಿನಿಂದ ಸುಟ್ಟು, ಆ ಗಾಯಕ್ಕೆ ಚಿಂದಿ ಒತ್ತಿ ಬಿಟ್ಟರೆ ಮರ ರಾಳ ಸುರಿಸುತ್ತದೆ. ಚಿಂದಿ ಕುಡಿದ ಆ ರಾಳವನ್ನು ಕೊಪ್ಪರಿಗೆಯಲ್ಲಿ ಕುದಿಸಿ ಹಿಂಡಿ ತೆಗೆಯಬೇಕು. ಸಾಲ್ವಡಾರಿನ ಈ ಕರಾವಳಿಯಲ್ಲಿ ಮುತ್ತಜ್ಜನ ಕಾಲದಿಂದಲೂ ಮರ ಗಂಡಸರದು, ಚಿಂದಿ ಹೆಂಗಸರದು. ಈ ವರ್ಷ ಮರ ಹತ್ತುವುದಕ್ಕೂ ಹೆಂಗಸರೇ ಆಗಬೇಕಾಗಿತ್ತು. ಜನವರಿ ಕಳೆದ ಮೇಲೆ ತೋಟದಲ್ಲಿ ಉಳಿದ ಗಂಡುಜೀವಗಳೆಂದರೆ ಆರ್ಸೆನಿಯೊ, ಧಣಿ ದೋನ್ ರೋಸೆಂದೊ, ಮತ್ತೆ ಧಣಿಯ ಹುಂಜ.

ಇಲಾರಿಯಾಳ ಕೈ ಬಟ್ಟೆ ಹರಿಯುತ್ತಿತ್ತು, ಕಿವಿ ತೋಪಿನಲ್ಲಿತ್ತು. ಪಂಜಿನ ಹೊಗೆ ಕುಡಿದು ಕುಡಿದು ಅವಳ ಗಂಡ ಲಿಬೋರಿಯೊಗೆ ಕೆಮ್ಮು ಅಂಟಿತ್ತು. ಮೂರು ತಿಂಗಳಿಂದ ಅವನು ಮನೆಯಲ್ಲಿಲ್ಲ, ಕೆಮ್ಮು ಮಾತ್ರ ದಿನಾ ಸಂಜೆ ಸೂರಿನಡಿಗೆ ಬರುತ್ತಿತ್ತು. ಇಲಾರಿಯಾ ಹೊಸ್ತಿಲಲ್ಲಿ ನೀರಿಟ್ಟು ಕಾಯುತ್ತಿದ್ದಳು. ಅವಳಿಗೆ ಹೆದರಿಕೆಗಿಂತ ಸಂಕಟವೇ ಹೆಚ್ಚು. ಒಂಬತ್ತು ದಿನದ ಪ್ರಾರ್ಥನೆ ಆಗದಿದ್ದರೆ ಸತ್ತವರಿಗೆ ತಾವು ಸತ್ತದ್ದೇ ತಿಳಿಯುವುದಿಲ್ಲ, ಹಸಿವಾದಾಗ ಪಾಪ ಮನೆಯ ದಾರಿ ಹಿಡಿಯುತ್ತಾರೆ. ಆ ಪ್ರಾರ್ಥನೆಯನ್ನು ಒಬ್ಬರು ಹೇಳಬೇಕು, ಉಳಿದವರು ಓಗೊಡಬೇಕು. ಓಗೊಡುವವರಿಲ್ಲದ ಪ್ರಾರ್ಥನೆ ಸೂರು ದಾಟಿ ಮೇಲೆ ಹೋಗುವುದಿಲ್ಲ.

ಜನವರಿಯಲ್ಲಿ ಕೂಲಿಗಳು ಕೆಂಪು ಬಾವುಟ ಹಿಡಿದು ದಂಗೆಯೆದ್ದ ಮೇಲೆ ದಂಡು ಕಂಡಕಂಡ ಗಂಡಸರನ್ನು ಕೊಲ್ಲುತ್ತಿತ್ತು. ದಂಡಿನ ಠಾಣೆಯಲ್ಲಿ ರಹದಾರಿ ಕಾಗದ ಕೊಡುತ್ತಾರೆ, ಅದು ಕೈಲಿದ್ದವರನ್ನು ಯಾರೂ ಮುಟ್ಟುವುದಿಲ್ಲ ಎಂದು ಡಂಗುರ ಸಾರಿದ್ದರು. ಸರ್ಕಾರಿ ಕೆಲಸವೆಂದು ಲಿಬೋರಿಯೊ ಒಗೆದ ಅಂಗಿ ತೊಟ್ಟು ಹೊರಟ. "ಊಟಕ್ಕೆ ಬಂದ್ಬುಡ್ತೀನಿ, ಹುರುಳಿಗೆ ಉಪ್ಪು ಕಮ್ಮಿ ಹಾಕು" ಎಂದು ಹೇಳಿ ಹೋದವನು ಬರಲಿಲ್ಲ. ಆ ದಿನ ಹೋದವರು ಯಾರೂ ಬರಲಿಲ್ಲ. ಅದರ ಮಾರನೆಯ ವಾರದಿಂದ ಹೆಂಗಸರು ಆದಿವಾಸಿಗಳೆಂದು ಗುರುತು ಸಿಗಬಾರದೆಂದು ತಮ್ಮ ನೀಲಿ ಸುತ್ತುಬಟ್ಟೆ ಬಿಚ್ಚಿ ಫ್ರಾಕು ತೊಟ್ಟರು, ತಮ್ಮ ಮನೆಮಾತು ನುಂಗಿಕೊಂಡು ಸ್ಪ್ಯಾನಿಷ್ ಆಡತೊಡಗಿದರು.

ಸತ್ತವರ ಪ್ರಾರ್ಥನೆ ಹೇಳಿಸಲು ಇಲಾರಿಯಾ ಇಗರ್ಜಿಗೆ ಹೋಗಿ ಬಂದಿದ್ದಳು. ಅವತ್ತು ಧಣಿಯ ಮೊಮ್ಮಗುವಿನ ದೀಕ್ಷಾಸ್ನಾನ. ಪಾದ್ರಿ ಬೆನಿಗ್ನೊ ಮಗುವಿನ ನೆತ್ತಿಗೆ ಪವಿತ್ರ ತೈಲ ಹಚ್ಚಿದ ಹೆಬ್ಬೆರಳನ್ನು ಇನ್ನೂ ಒರೆಸಿಕೊಂಡಿರಲಿಲ್ಲ. ಆ ತೈಲಕ್ಕೆ ಕಂಪು ಬರುವುದು ಬಾಲ್ಸಮಿನಿಂದ, ಅಂದರೆ ಇವಳು ಹಿಂಡಿದ ಚಿಂದಿಯಿಂದ.

"ಸತ್ತಿದ್ದಾನೆ ಅಂತ ಯಾರು ಹೇಳಿದ್ರು ನಿನಗೆ?" ಎಂದ ಪಾದ್ರಿ.

"ದಿನಾ ಸಂಜೆ ಸೂರಿನ ತಾವ ಬಂದು ಕೆಮ್ತಾನೆ ಸ್ವಾಮಿ."

"ಕೆಮ್ಮೋಕೆ ಉಸಿರು ಬೇಕು ಕಣೇ. ಠಾಣೆಯ ಪಟ್ಟಿಯಲ್ಲಿ ಗ್ವಾಟೆಮಾಲಾಕ್ಕೆ ಓಡಿಹೋದ ಅಂತ ಬರೆದಿದೆ. ಬದುಕಿರೋನಿಗೆ ಸತ್ತವರ ಪ್ರಾರ್ಥನೆ ಹೇಳಿ ನಾನು ಪಾಪ ಕಟ್ಟಿಕೊಳ್ಳಲಾ? ಅಲ್ಲಿ ಇನ್ನೊಬ್ಬಳನ್ನ ಇಟ್ಟುಕೊಂಡಿರ್ತಾನೆ. ನಿಮ್ಮ ಜಾತಿ ನನಗೆ ಗೊತ್ತಿಲ್ವಾ?"

ಎಣ್ಣೆ ಮೆತ್ತಿದ ಬೆರಳಿಂದಲೇ ಅವನು ಬಾಗಿಲು ತೋರಿಸಿದ.

ತೋಟಕ್ಕೆ ಮರಳಿ ಇದನ್ನು ಹೇಳಿದಾಗ ಮುದುಕಿ ತ್ರಾನ್ಸಿತೊ ಹೊಗೆಸೊಪ್ಪಿಲ್ಲದ ಬಾಯಿಂದಲೂ ಉಗಿದಳು. "ಮೇಸ್ತ್ರಿ ಬಯ್ಯಾಕೆ ನೀನು ಮುಂಡೆ, ಪ್ರಾರ್ಥನೆ ಕೇಳಾಕೋದ್ರೆ ಗಂಡುಳ್ಳ ಗರತಿ. ಚೆಂದಾಗದೆ ಕಣವ್ವ ಇವರ ನ್ಯಾಯ." ಅವಳ ಮಗ ನಿಕಾಸಿಯೊ ಕೂಡ ರಹದಾರಿ ತರಲು ಹೋದವನೇ. ಆದರೂ ಓಗೊಡಲು ಬಾರಮ್ಮ ಎಂದರೆ ಆ ಮುದುಕಿ ಹೆದರಿ ಬಂದಿರಲಿಲ್ಲ.

ಆರ್ಸೆನಿಯೊ ರೊಟ್ಟಿ ಮುಗಿಸಿ ಹೊಸ ಮೂಟೆಯೊಂದನ್ನು ಒಳಕ್ಕೆ ಒದ್ದ. ಹಿಂದೆ ಚಿಂದಿಗೆ ಪರದಾಡಬೇಕಿತ್ತು, ಸಂತೆ ಸಂತೆ ಅಲೆದು ಹಳೇ ಬಟ್ಟೆ ತರುತ್ತಿದ್ದರು. ಒಂದು ವಾರದಿಂದ ಚಿಂದಿಗೆ ಸುಗ್ಗಿ. ಮೂಟೆಗಳನ್ನು ದಪ್ಪ ಹಗ್ಗದಿಂದ ಕಟ್ಟಿರುತ್ತಿದ್ದರು, ಬಟ್ಟೆ ಸುಣ್ಣದ ವಾಸನೆ ಹೊಡೆಯುತ್ತಿತ್ತು. ಎಲ್ಲಿಯದು ಎಂದು ಯಾರೂ ಕೇಳಿರಲಿಲ್ಲ. ಒಂದು ವಾರದಿಂದ ಮರದ ಮೇಲೇ ಇದ್ದ ಇಲಾರಿಯಾ ಕೊಟ್ಟಿಗೆಗೆ ಬಂದು ಕೂತದ್ದು ಅವತ್ತೇ.

ಮೂಟೆಗೆ ಕೈ ಹಾಕಿ ಒಂದು ಅಂಗಿ ಎಳೆದಳು. ಮರ ಹತ್ತುವವನ ಅಂಗಿ, ಹಗ್ಗ ಉಜ್ಜುವ ಭುಜದ ಮೇಲೆ ನೀಲಿ ತೇಪೆ. ತೇಪೆ ಅವಳದೇ ಹಳೇ ಸುತ್ತುಬಟ್ಟೆಯ ಚೂರು. ಹೊಲಿಗೆ ಅವಳದೇ, ನೂಲು ಸಾಲದೆ ಕೊನೆಯಲ್ಲಿ ಬಿಳಿ ದಾರ ಹಾಕಿ ಮುಗಿಸಿದ್ದಳು. ಎದೆಯಲ್ಲಿ ಮೂರು ತೂತು. ತೂತಿನ ಅಂಚು ಗಟ್ಟಿಯಾಗಿ ಕಂದಿತ್ತು. ಅವಳು ಬೆರಳು ತೂರಿಸಿ ನೋಡಿದಳು, ಬೆರಳು ಬೆನ್ನಿನ ಕಡೆಯಿಂದ ಹೊರಗೆ ಬಂತು.

"ಹರಿ," ಪಕ್ಕದಲ್ಲಿದ್ದ ತ್ರಾನ್ಸಿತೊ ತುಟಿ ಅಲುಗಿಸದೆ ಅಂದಳು. "ತಲೆ ಎತ್ಬ್ಯಾಡ. ಹರಿ."

"ಔನ್ದು ಕಣಮ್ಮ ಇದು."

"ಗೊತ್ತು. ನನ್ನ ಮಗನ್ದು ಮೊನ್ನೆ ಬಂತು. ಹರ್ದೆ. ಹರ್ದು ನಾನೇ ತಕಂಡೋಗಿ ಮರಕ್ಕೆ ಒತ್ಬಂದೆ. ಆ ಪೆತ್ರೋನಾನೂ ಗಂಡನ್ದ ಹರಿದ್ಲು, ಈ ಪಕ್ಕದವ್ಳೂ ಹರಿದ್ಲು. ಹರಿದ್ರೆ ಬದುಕ್ತೀಯ."

ಇಲಾರಿಯಾ ಸುತ್ತ ನೋಡಿದಳು. ಯಾರೂ ತಲೆ ಎತ್ತಲಿಲ್ಲ. ಕೊಟ್ಟಿಗೆಯ ಆಚೆ ತೋಪಿನ ಮರಗಳೆಲ್ಲ ಮೈತುಂಬ ಪಟ್ಟಿ ಸುತ್ತಿಕೊಂಡು ಗಾಯಾಳುಗಳಂತೆ ನಿಂತಿದ್ದವು. ಒಂದು ವಾರ ಅವಳೇ ಹಗ್ಗಕ್ಕೆ ಜೋತುಬಿದ್ದು ಆ ಪಟ್ಟಿಗಳನ್ನು ಕೈಯಾರೆ ಒತ್ತಿದ್ದಳು.

"ಏನೇ ಅಲ್ಲಿ ಗುಸುಗುಸು?" ಆರ್ಸೆನಿಯೊ ಬಂದು ಅಂಗಿ ನೋಡಿದ, ಅವಳ ಮುಖ ನೋಡಿದ. ಅರ್ಥವಾಯಿತು ಅವನಿಗೆ. "ಓಹೋ. ಗುರ್ತು ಸಿಕ್ತಾ? ಸಿಕ್ಕಿದ್ರೆ ಯೋಳವ್ವ, ನಾಚ್ಕಬ್ಯಾಡ. ಕೆಂಪು ಬಾವುಟದ ಸೂಳೆಮಕ್ಕಳ ಹೆಂಡ್ರು ಯಾರ್ಯಾರು ಅಂತ ಠಾಣೇಲಿ ಇನ್ನೂ ಪಟ್ಟಿ ಬರೀತಾವ್ರೆ. ಇಲ್ಲ ಅಂದ್ರೆ ಬಾಯ್ ಮುಚ್ಕಂಡು ಹರಿ."

ಇಲಾರಿಯಾ ಎದ್ದಳು. ಚಿಂದಿಯ ರಾಶಿಯನ್ನು ಕಾಲಿಂದ ಸರಿಸಿ, ನೆಲದ ಮೇಲೆ ಅಂಗಿಯನ್ನು ಹಾಸಿದಳು. ಎರಡು ತೋಳನ್ನೂ ಅಗಲಿಸಿ, ಕತ್ತುಪಟ್ಟಿ ನೆಟ್ಟಗೆ ಮಾಡಿ, ಸುಕ್ಕು ನೀವಿದಳು. ಹೆಣ ಮಲಗಿಸಿದ ಹಾಗೆಯೇ ಮಲಗಿಸಿ ಮಂಡಿಯೂರಿದಳು.

"ದೇವ್ರೇ, ಲಿಬೋರಿಯೊಗೆ ನೆಮ್ಮದಿ ಕೊಡು," ಎಂದಳು, ಇಗರ್ಜಿಯ ಸ್ಪ್ಯಾನಿಷ್‌ನಲ್ಲಿ.

ಯಾರೂ ಓಗೊಡಲಿಲ್ಲ.

"ಲೇಯ್, ನಿನ್ನ ಗಂಡ ಗ್ವಾಟೆಮಾಲಾದಾಗೆ ಯಾವಳ ಮಗ್ಗುಲಾಗವ್ನೋ, ಇಲ್ಲಿ ತಿಥಿ ಮಾಡ್ತೀಯಾ?" ಆರ್ಸೆನಿಯೊ ಅವಳ ಬೆನ್ನಿಗೆ ಒದ್ದ. ಅವಳು ಅಂಗಿಯ ಮೇಲೆ ಮುಖ ಅಡಿಯಾಗಿ ಬಿದ್ದಳು. ಎದ್ದು ಕೂತು ತುಟಿಯ ರಕ್ತ ಒರೆಸಿಕೊಂಡು ಮತ್ತೆ ಹೇಳಿದಳು.

ಬಟ್ಟೆ ಹರಿಯುವ ಸದ್ದು ನಿಂತಿತ್ತು. ಓಗೊಡುವ ದನಿ ಮಾತ್ರ ಬರಲಿಲ್ಲ.

ಮೂರನೆಯ ಸಲ ಅವಳು ಮನೆಮಾತಿನಲ್ಲಿ ಹೇಳಿದಳು. ಮೂರು ತಿಂಗಳಿಂದ ಆ ಮಾತನ್ನು ಯಾರೂ ಗಟ್ಟಿಯಾಗಿ ಆಡಿರಲಿಲ್ಲ, ಮಕ್ಕಳನ್ನು ಮಲಗಿಸಲಿಕ್ಕೂ ಆಡಿರಲಿಲ್ಲ. ಕೊಟ್ಟಿಗೆಯಲ್ಲಿ ಅದು ಕೇಳಿಸಿದಾಗ ಪೆತ್ರೋನಾ ಬಾಯಿಗೆ ಸೆರಗೊತ್ತುವವಳಂತೆ ಕೈಯಲ್ಲಿದ್ದ ಚಿಂದಿ ಒತ್ತಿಕೊಂಡಳು.

"ಆರದ ಬೆಳ್ಕು ಅವ್ನ ಮ್ಯಾಲಿರ್ಲಿ," ಎಂದಳು ತ್ರಾನ್ಸಿತೊ.

ಹೇಳಿ, ಮುದುಕಿ ಕೈಯಲ್ಲಿದ್ದ ಚಿಂದಿ ಕೆಳಗಿಟ್ಟಳು. ಆಮೇಲೆ ದನಿ ಏರಿಸಿ, "ನನ್ನ ಮಗ ನಿಕಾಸಿಯೊಗೂ. ಹರ್ದಾಕ್ಬುಟ್ಟೆ ಕಣಪ್ಪೋ ನಿನ್ನ," ಎಂದು ಎದೆ ಬಡಿದುಕೊಂಡಳು.

"ಆರದ ಬೆಳ್ಕು ಅವ್ನ ಮ್ಯಾಲಿರ್ಲಿ," ಈ ಸಲ ನಾಲ್ಕೈದು ದನಿ.

ಪೆತ್ರೋನಾ ತನ್ನ ಗಂಡನ ಹೆಸರು ಹೇಳಿದಳು. ಇನ್ನೊಬ್ಬಳು ಇಬ್ಬರು ಅಣ್ಣಂದಿರ ಹೆಸರು ಹೇಳಿದಳು. ಕೆಲವರು ಮೂಟೆಗೆ ಕೈ ಹಾಕಿ ಅಂಗಿಗಳನ್ನು ಒಂದೊಂದೇ ತೆಗೆದು ಲಿಬೋರಿಯೊನ ಮಗ್ಗುಲಿಗೆ ಹಾಸತೊಡಗಿದರು. ಯಾರದೆಂದು ಗುರುತು ಸಿಗದ ಅಂಗಿಗಳೂ ಇದ್ದವು. ಅವುಗಳ ಗುರುತು ಹಿಡಿಯುವ ಹೆಂಗಸರೂ ಉಳಿದಿರಲಿಲ್ಲ. ಅವಕ್ಕೂ ಓಗೊಟ್ಟರು.

ಆರ್ಸೆನಿಯೊ ಒಬ್ಬಳ ಜಡೆ ಹಿಡಿದೆಳೆದ, ಇನ್ನೊಬ್ಬಳಿಗೆ ಬಾರಿಸಿದ. ಹೊಡೆತ ತಿಂದವರೂ ಓಗೊಡುವುದನ್ನು ಬಿಡದಿದ್ದಾಗ ಅವನ ಮುಖ ಸಪ್ಪಗಾಯಿತು. ಧಣಿಯ ಮನೆಯ ಟೆಲಿಫೋನಿನತ್ತ ಓಡಿದ. ಕೊಪ್ಪರಿಗೆಯ ಕೆಳಗಿನ ಬೆಂಕಿಗೆ ಸೌದೆ ಒಟ್ಟುವವರಿಲ್ಲದೆ ಅದು ಆರುತ್ತಾ ಬಂತು.

ಒಂಬತ್ತು ದಿನ ತಮ್ಮನ್ನು ಯಾರೂ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಒಂಬತ್ತು ದಿನದ ಪ್ರಾರ್ಥನೆಯನ್ನೂ ಒಂದೇ ಸಲಕ್ಕೆ ಕೂತು ಹೇಳಿ ಮುಗಿಸಲು ಹೊರಟರು. ದಂಡಿನ ಲಾರಿ ತೋಟದ ಗೇಟು ದಾಟಿದಾಗ ನಾಲ್ಕನೆಯ ದಿನದ್ದು ಮುಗಿದಿತ್ತು. ಯಾರೂ ಏಳಲಿಲ್ಲ. ಇಲಾರಿಯಾ ಐದನೆಯದನ್ನು ಶುರುಮಾಡಿದಳು.