ಸಿಂಬಿ ಇಲ್ಲದ ದೇವಿ

"ಈ ಮಾರಿ ಬ್ಯಾಡ್ರಿ, ನಡಿಯಂಗಿಲ್ಲ," ಎಂದ ಪ್ರಭುರಾಜ ಸಾಹೇಬ, ಮೊಬೈಲಿನಲ್ಲಿದ್ದ ನನ್ನ ಫೋಟೋ ನೋಡಿ. "ವಿಶ್ವವಿದ್ಯಾಲಯದ ಬಾಗಲದಾಗ ಇದನ್ನ ನಿಲ್ಲಿಸಿದ್ರ, ಅಡ್ಮಿಷನ್ನಿಗೆ ಬಂದ ಹುಡುಗ್ರು ಹಂಗ ಹೊಳ್ಳಿ ಊರಿಗೆ ಹೋಗ್ತಾರ. ಏನಬೇ ನಿನ್ನ ಹೆಸರು?"

"ಮಾರೆಮ್ಮ ಅಂತ್ರಿ."

"ಹೆಸರಿಗೆ ತಕ್ಕ ಮಾರಿ!"

ಸುತ್ತ ನಿಂತವರೆಲ್ಲ ನಕ್ಕರು. ನಾನು ಖಡಿಕಲ್ಲು ತುಂಬಿದ ಬುಟ್ಟಿ ಹೊತ್ತು ಅಲ್ಲೇ ನಿಂತಿದ್ದೆ. ಹೋಗು ಎನ್ನುವವರೆಗೆ ಹೋಗುವಂತಿರಲಿಲ್ಲ. ಸಾಹೇಬ ವಿಶ್ವವಿದ್ಯಾಲಯದ ಕುಲಸಚಿವ, ಆ ಬಯಲಿಗೆಲ್ಲ ಅವನೇ ಗೌಡ.

ಹೊಸ ವಿಶ್ವವಿದ್ಯಾಲಯ ಕಟ್ಟುತ್ತಿದ್ದವರು ನಾವು. ಅದರ ಬಾಗಿಲಲ್ಲಿ ದುಡಿಯುವ ಹೆಂಗಸಿನ ಮೂರ್ತಿ ನಿಲ್ಲಿಸುವ ಕೆಲಸ ಶಿಲ್ಪಿ ಸಿದ್ದಲಿಂಗೇಶನಿಗೆ ಸಿಕ್ಕಿತ್ತು. ಅವನು ನಾಲ್ಕು ದಿನ ನನ್ನನ್ನು ದಿನ್ನೆ ಹತ್ತಿಸಿ ಇಳಿಸಿ ಫೋಟೋ ತೆಗೆದಿದ್ದ. ಈಗ ಸಾಹೇಬನ ಮುಂದೆ ಕೈ ಹಿಸುಕುತ್ತ ಹೇಳಿದ:

"ಸರ್, ಈಕಿ ಕುತ್ತಿಗಿ ನೋಡ್ರಿ, ಬೆನ್ನು ನೋಡ್ರಿ. ಇಂಥಾ ನಿಲುವು ಯಾರಿಗೂ ಬರಂಗಿಲ್ಲ."

"ಮೈ ಈಕಿದಿರ್ಲಿ. ಮಾರಿ ಆ ಸಣ್ಣಾಕಿದು ತಗೋರಿ," ಎಂದು ಸಾಹೇಬ ಬೆರಳು ಮಾಡಿದ್ದು ಕವಿತಾಳ ಕಡೆ.

ಕವಿತಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಗಿಣಿಗೇರಾ ಊರಿನವಳು. ಮದುವೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ಬುಟ್ಟಿ ಹೊತ್ತರೆ ಹತ್ತು ಹೆಜ್ಜೆಗೆ ಉಸ್ಸೆಂದು ಕೂರುವವಳು.

ಮರುದಿನದಿಂದ ಅವಳಿಗೆ ನೆರಳಿನಲ್ಲಿ ಕುರ್ಚಿ. ಸಿದ್ದಲಿಂಗೇಶ ಅವಳ ಮುಖ ನೋಡುತ್ತ ಮಣ್ಣು ಮೆತ್ತುತ್ತಿದ್ದ. ಹೊತ್ತಿಗೆ ಸರಿಯಾಗಿ ಕಪ್-ಬಸಿಯಲ್ಲಿ ಚಹಾ. ನಾನು ಅದೇ ನೆರಳಿನ ಪಕ್ಕದಲ್ಲಿ ಬಿಸಿಲಲ್ಲಿ ಬುಟ್ಟಿ ಹೊತ್ತು ಹಾಯುತ್ತಿದ್ದೆ. ಅವಳು ಮುಖ ಅಲುಗಿಸದೆ ಕಣ್ಣಲ್ಲೇ "ಅಕ್ಕಾ" ಎನ್ನುತ್ತಿದ್ದಳು. ನಾನು ಉಗುಳಿ ಮುಂದೆ ಹೋಗುತ್ತಿದ್ದೆ. ಹೊಟ್ಟೆಕಿಚ್ಚು, ಮತ್ತೇನು? ಮುಚ್ಚಿಡಲಿಕ್ಕೆ ಅದೇನು ಬಂಗಾರವೇ?

ಮನೆಯಲ್ಲಿ ನನ್ನ ಮಗಳೇ ಹೇಳಿದಳು: "ಯವ್ವಾ, ಮಣ್ಣಿನ ಗೊಂಬ್ಯಾಗ ಚಿಗವ್ವ ಭಾಳ ಚಂದ ಕಾಣ್ತಾಳ." ನಾನು ಬೇಯಿಸುತ್ತಿದ್ದ ರೊಟ್ಟಿ ಹಂಚಿನ ಮೇಲೆ ಸೀದು ಹೋಯಿತು.

ಮಣ್ಣಿನ ಗೊಂಬೆ ಮುಗಿದ ದಿನ ನಾನೂ ಹೋಗಿ ನೋಡಿದೆ. ಕುತ್ತಿಗೆ ನನ್ನದು, ಬೆನ್ನು ನನ್ನದು, ಒಡೆದ ಹಿಮ್ಮಡಿಯೂ ನನ್ನದೇ. ಮೇಲೆ ಅವಳ ದುಂಡು ಮುಖ. ತಲೆಯ ಮೇಲೆ ಬುಟ್ಟಿ. ಬುಟ್ಟಿಯ ಕೆಳಗೆ ಸಿಂಬಿ ಇರಲಿಲ್ಲ.

ಬಟ್ಟೆ ಸುತ್ತಿ ಮಾಡಿದ ಸಿಂಬಿ ತಲೆಗಿಡದೆ ನಮ್ಮಲ್ಲಿ ಯಾವ ಹೆಂಗಸೂ ಭಾರ ಹೊರುವುದಿಲ್ಲ. ಹೊತ್ತರೆ ನೆತ್ತಿ ಸೀಳುತ್ತದೆ. ಫೋಟೋ ತೆಗೆಯುವಾಗ ಇದೇ ಸಿದ್ದಲಿಂಗೇಶ ನನಗೆ, "ಆ ಚಿಂದಿ ತಗಿಯಮ್ಮ, ಚಂದ ಕಾಣಂಗಿಲ್ಲ," ಎಂದು ಖಾಲಿ ಬುಟ್ಟಿ ಹೊರಿಸಿದ್ದ. ಆಮೇಲೆ ಮೂರ್ತಿಗೆ ಇಡುತ್ತಾನೆ ಅಂದುಕೊಂಡಿದ್ದೆ. ಇಟ್ಟಿರಲಿಲ್ಲ. ಒಂದು ಮಾತು ಹೇಳಿದ್ದರೆ ಅರ್ಧ ಗಳಿಗೆಯಲ್ಲಿ ಮೆತ್ತುತ್ತಿದ್ದ, ಹಸಿ ಮಣ್ಣು. ನಾನು ಹೇಳಲಿಲ್ಲ. ಆ ದುಂಡು ಮುಖ ನೋಡಿ ಬಾಯಿ ಮುಚ್ಚಿಕೊಂಡೆ. ಹೊರಲಿ ಬೋಸುಡಿ, ಕಲ್ಲಾಗಿ ನಿಂತು ನೆತ್ತಿ ಸೀಳಿಕೊಳ್ಳಲಿ ಅಂದುಕೊಂಡೆ.

ಮಣ್ಣಿನದು ನೋಡಿ ಕುಷ್ಟಗಿ ಕಡೆಯ ಕೆಂಪು ಕಲ್ಲಿನಲ್ಲಿ ಕೆತ್ತಿಸಿ, ನಾಲ್ಕು ತಿಂಗಳಿಗೆ ಕ್ರೇನಿನಲ್ಲಿ ತಂದು ನಿಲ್ಲಿಸಿದರು. ಕೆಳಗೆ 'ಶ್ರಮದೇವಿ' ಎಂದು ಬರೆಸಿ ಪರದೆ ಹೊದಿಸಿದರು.

ಅನಾವರಣದ ದಿನ ನಮ್ಮನ್ನು ಹಗ್ಗದ ಆಚೆ, ಖಡಿ ರಾಶಿಯ ಹತ್ತಿರ ನಿಲ್ಲಿಸಿದರು. ಕವಿತಾ ಹಸಿರು ಜರಿಯಂಚಿನ ಹೊಸ ಸೀರೆ ಉಟ್ಟಿದ್ದಳು. ಇದೇ ದಿನಕ್ಕೆಂದು ಮೈದುನ ಕೊಪ್ಪಳದಿಂದ ತಂದದ್ದು. ನನ್ನ ಗಂಡ ಮದುವೆಗೂ ಅಂಥದ್ದು ತಂದಿರಲಿಲ್ಲ. ಆ ಸೀರೆಗೆ ಬೆಂಕಿ ಬೀಳಲಿ ಎಂದು ಬೆಳಗಿನಿಂದ ಎಷ್ಟು ಸಲ ಅಂದುಕೊಂಡೆನೋ.

ಪರದೆ ಬಿತ್ತು. ಚಪ್ಪಾಳೆ ಬಿದ್ದವು. ಕವಿತಾ ಬಾಯಿ ತೆರೆದು ನೋಡುತ್ತಿದ್ದಳು. ತಡೆಯುವಷ್ಟರಲ್ಲಿ ಹಗ್ಗ ದಾಟಿ ಓಡಿ, ಕಟ್ಟೆ ಹತ್ತಿ, ಆ ಕಲ್ಲಿನ ಕೆನ್ನೆಗೆ ಕೈ ಹಚ್ಚಿದಳು.

"ಏ ಯಾರಲೇ ಅದು! ಎಳೀರಿ ಆಕಿನ್ನ!" ಪ್ರಭುರಾಜ ಚೀರಿದ. "ಹೊಲಸ ಕೈ ತಗೊಂಡು ದೇವಿ ಮುಟ್ಟಾಕ ಬಂದಾಳ, ಕೂಲಿ ರಂಡಿ!"

ಕಾವಲುಗಾರ ರಟ್ಟೆ ಹಿಡಿದು ಜಗ್ಗಿದ. ಅವಳು ಬೋರಲು ಬಿದ್ದಳು. ತುಟಿ ಒಡೆಯಿತು.

ಸುಳ್ಳು ಯಾಕೆ ಹೇಳಲಿ, ಮೊದಲು ನನ್ನ ಹೊಟ್ಟೆ ತಣ್ಣಗಾಯಿತು.

"ಅದು ನನ್ನ ಮಾರಿ ಐತ್ರಿ ಸಾಹೇಬ್ರ," ಎಂದಳು ಕವಿತಾ, ಬಿದ್ದಲ್ಲಿಂದಲೇ.

"ನಿನ್ನ ಮಾರಿ? ನಿಮ್ಮಂಥಾರ್ದು ಏನೂ ಇಲ್ಲ ಅದ್ರಾಗ. ಅದು ದೇವಿ!"

ಏನೂ ಇಲ್ಲವಂತೆ. ಮುಖ ಅವಳದು, ಸರಿ. ಉಳಿದ ಮುಕ್ಕಾಲು ನಾನಲ್ಲವೇ? ನನ್ನ ಹೆಗಲು, ನನ್ನ ಬೆನ್ನು, ನನ್ನ ಹಿಮ್ಮಡಿ ಅಲ್ಲಿ ನಿಂತಿದ್ದವು. ಸೊಂಟದ ಸಿಂಬಿ ತೆಗೆದು ತಲೆಗಿಟ್ಟುಕೊಂಡೆ. ರಾಶಿಯ ಹತ್ತಿರ ಬಿದ್ದಿದ್ದ ಬುಟ್ಟಿಗೆ ಖಡಿ ತುಂಬಿದೆ, ಎತ್ತಿ ಹೊತ್ತೆ. ಹಗ್ಗ ದಾಟಿ ಕುರ್ಚಿಗಳ ನಡುವೆ ನಡೆದೆ. ಬುಟ್ಟಿ ಹೊತ್ತವಳಿಗೆ ಎಲ್ಲರೂ ಅಭ್ಯಾಸಬಲದಿಂದ ದಾರಿ ಬಿಟ್ಟರು. ಪ್ರಭುರಾಜನ ಮುಂದೆ ಬುಟ್ಟಿ ಇಳಿಸಿದೆ. ಸಿಂಬಿ ಮಾತ್ರ ಕೈಯಲ್ಲಿ ಹಿಡಿದುಕೊಂಡೆ.

"ಸಾಹೇಬ್ರ, ನಿಮ್ಮ ದೇವಿ ತಲಿಮ್ಯಾಲ ಸಿಂಬಿ ಇಲ್ಲ. ಸಿಂಬಿ ಇಲ್ದ ಕಲ್ಲು ಹೊತ್ತ ಹೆಂಗಸನ್ನ ಈ ಸೀಮ್ಯಾಗ ಯಾರು ನೋಡ್ಯಾರ? ಇದನ್ನ ಹಂಗ ಹೊತ್ತು ಹತ್ತು ಹೆಜ್ಜಿ ನಡದು ತೋರಸ್ರಿ."

ಹಗ್ಗದ ಆಚೆ ನಮ್ಮ ಹೆಂಗಸರು ಒಮ್ಮೆಲೇ ನಕ್ಕರು. ಸಿದ್ದಲಿಂಗೇಶ ತಲೆ ಎತ್ತಿ ಮೂರ್ತಿ ನೋಡಿದ. ನನ್ನ ಕಡೆ ತಿರುಗಿದ.

"ಆಗ ಒಂದು ಮಾತು ಹೇಳಬಾರ್ದಿತ್ತೇನಮ್ಮ?"

"ಚಿಂದಿ ತಗಿ ಅಂದಾವ್ರು ನೀವ ಅಲ್ರಿ?"

"ನಾಳಿಂದ ಇಬ್ರೂ ಕೆಲಸಕ್ಕ ಬರಬ್ಯಾಡ್ರಿ!" ಪ್ರಭುರಾಜ ಗದರಿದ. "ತಗೀಲೇ ಇದನ್ನ!"

ಕಾವಲುಗಾರ ಬಗ್ಗಿ ಬುಟ್ಟಿಗೆ ಕೈ ಹಾಕಿದ. ಮೊಳಕಾಲಿನವರೆಗೂ ಎತ್ತಲಾಗದೆ ಕೆಳಗಿಟ್ಟ.

ಆಗ ಪರ್ ಎಂದು ಬಟ್ಟೆ ಹರಿದ ಸದ್ದಾಯಿತು. ಕವಿತಾ ಎದ್ದು ನಿಂತಿದ್ದಳು. ಹೊಸ ಸೀರೆಯ ಸೆರಗು ಹರಿದು, ಜರಿಯಂಚಿನ ಸಮೇತ ಗರಗರ ಸುತ್ತಿ ಸಿಂಬಿ ಮಾಡಿದಳು. ತುಟಿಯ ರಕ್ತ ಅದರಿಂದಲೇ ಒರೆಸಿಕೊಂಡು, ಖಡಿಯ ಮೇಲೆ ಇಟ್ಟಳು.

"ತಗೋರಿ ಸಾಹೇಬ್ರ. ಸಿಂಬಿ ಕೊಟ್ಟೀವಿ. ಈಗರ ಹೊರ್ರಿ."

ಯಾರೂ ಹೊರಲಿಲ್ಲ. ಪ್ರಭುರಾಜ ಬುಟ್ಟಿಯನ್ನೇ ನೋಡುತ್ತ ಕುಳಿತಿದ್ದ. ನಾನು ಆ ಸಿಂಬಿ ನೋಡುತ್ತಿದ್ದೆ. ದುಂಡಗೆ, ಬಿಗಿಯಾಗಿ ಸುತ್ತಿದ್ದಳು. ಇಪ್ಪತ್ತು ವರ್ಷ ಕಲ್ಲು ಹೊತ್ತರೂ ನನಗೆ ಅಷ್ಟು ಬಿಗಿ ಬಂದಿಲ್ಲ. ಹಾಳಾದವಳ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು.